ನಮ್ಮ ಅಡುಗೆಮನೆಯ ನಾಟಕ

ಸೈಮಕ್ಕಾ,

ಈ ಕಾಗದ ನಿನಗೆ ತಲುಪುವುದಿಲ್ಲ, ಆದರೂ ಹೇಳಬೇಕು. ನಿನ್ನ ನಾಟಕವನ್ನು ನಿನ್ನೆ ಕಡೆಗೂ ನೋಡಿದೆ. ನೀನು ಹೆಲ್ಸಿಂಕಿಯಲ್ಲಿ ಆಡಿಸಿದಾಗ ನಾನು ಬರಲಿಲ್ಲ. ನೀನು ತೀರಿಕೊಂಡು ಎರಡು ಚಳಿಗಾಲ ಕಳೆದ ಮೇಲೆ ಅದೇ ನಾಟಕ ನಮ್ಮೂರಿನ ಸರೋವರದ ದಂಡೆಯ ಬಯಲುರಂಗಕ್ಕೆ ಬಂತು.

ರಂಗದ ಮೇಲೆ ನಮ್ಮದೇ ಅಡುಗೆಮನೆ. ಅಕ್ಕ ಬರೆಯುತ್ತಾಳೆ, ತಂಗಿ ಕಾಫಿ ಕಾಯಿಸುತ್ತಾಳೆ, ಇಬ್ಬರೂ ದಿನವಿಡೀ ಜಗಳವಾಡುತ್ತಾರೆ. ಜನ ನಕ್ಕಿದ್ದೇ ನಕ್ಕಿದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಕ್ಕತಂಗೀರು ಎಲ್ಲಾದ್ರೂ ಹೀಗೆ ಕಚ್ಚಾಡ್ತಾರಾ? ಬರೆದೋಳಿಗೆ ತಂಗೀನೇ ಇರ್ಲಿಲ್ಲ ಅನ್ಸುತ್ತೆ" ಎಂದಳು.

"ಇದ್ದಳು" ಎಂದಷ್ಟೇ ಹೇಳಿದೆ.

ಆಟ ಮುಗಿದ ಮೇಲೆ ನಿನ್ನ ಪಾತ್ರ ಮಾಡಿದ ಹುಡುಗಿಯನ್ನು ಹುಡುಕಿಕೊಂಡು ರಂಗದ ಹಿಂದಕ್ಕೆ ಹೋದೆ. ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ಆ ಕಾಫಿ ಮಾತು ಇನ್ನೊಂದ್ಸಲ ಹೇಳ್ತೀಯಾ, ಮಗಾ?"

ಅವಳು ನಕ್ಕು, ಸೊಂಟಕ್ಕೆ ಕೈಕೊಟ್ಟು ಗದರಿದಳು. "ಇದೇನೇ ಕಾಫಿ? ಪಾತ್ರೆ ತೊಳೆದ ನೀರೇ ಇದಕ್ಕಿಂತ ಗಟ್ಟಿ. ನನ್ನ ಬಿಟ್ರೆ ಇದನ್ನ ಯಾರು ಕುಡೀತಾರೆ?"

ದನಿ ನಿನ್ನದಲ್ಲ, ಮಾತು ನಿನ್ನದೇ. ನಾಟಕದ ತಂಗಿ ಅದಕ್ಕೆ, "ಹಾಗಾದ್ರೆ ನಿನ್ನ ಹೆಲ್ಸಿಂಕಿಗೇ ಹೋಗು" ಎನ್ನುತ್ತಾಳೆ, ನೀನು ಊರು ಬಿಟ್ಟ ದಿನ ನಾನು ಅಂದ ಹಾಗೆಯೇ. ಹುಡುಗಿ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಕೂತ್ಕೋ ಅಕ್ಕಾ, ಬೇರೆ ಕಾಯಿಸ್ತೀನಿ" ಎಂದೆ.

"ಅದು ನಾಟಕದಲ್ಲಿಲ್ಲ, ಅಜ್ಜಿ" ಎಂದಳು ಹುಡುಗಿ, ಮೆಲ್ಲಗೆ.

ಹೆಲ್ವಿ