ಚೆಂದದ ಉತ್ತರ

ಕಲ್ಯಾಣ
೧೮ ಜನವರಿ ೨೦೨೫

ಪ್ರೀತಿಯ ಅನಸೂಯಾ,

ನಾಲ್ಕು ತಿಂಗಳಿಂದ ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ತಿರುಗುತ್ತಿದೆ. ಬೈಯಬೇಡ ಮಾರಾಯ್ತಿ. ಸೊಸೆಯ ಹೆರಿಗೆ ಸುಸೂತ್ರವಾಯಿತೆಂದು ಓದಿ ಸಂತೋಷವಾಯಿತು. ಮೊಣಕಾಲು ನೋವು ಬಿಟ್ಟರೆ ನಾನು ಸೌಖ್ಯ.

ಶಾಲೆಯಿಂದ ನಿವೃತ್ತಳಾದ ಮೇಲೆ ಒಂದು ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಯಾಕೆ ಬಿಡುತ್ತಾರೆ, ಮತ್ತೆ ಹಿಡಿಯುವ ಮನಸ್ಸು ಹೇಗೆ ಹುಟ್ಟುತ್ತದೆ ಎಂಬುದು ವಿಷಯ. ಇಲ್ಲಿಯ ತುರ್ಭೆ ಮಾರ್ಕೆಟ್ಟಿನ ಹಮಾಲರಲ್ಲಿ ಕಲಬುರಗಿ ಕಡೆಯವರು ಬಹಳ. ಕನ್ನಡದವರು ಬೇಕೆಂದು ನನ್ನನ್ನು ತೆಗೆದುಕೊಂಡರು. ಉಪದೇಶ ಮಾಡಬಾರದು, ಹೆದರಿಸಬಾರದು, ಕೇಳುತ್ತಾ ಹೋಗಬೇಕು ಎಂದು ಆರು ದಿನ ಕಲಿಸಿದರು. ‘ನಾನು ಬದಲಾಗಬೇಕು’ ಎಂಬ ಮಾತು ರೋಗಿಯ ಬಾಯಿಂದಲೇ ಬರಬೇಕಂತೆ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ನನಗೆ ಈ ವಿದ್ಯೆ! ಮಾತುಕತೆಯನ್ನು ರೆಕಾರ್ಡ್ ಮಾಡಿ ಕಳಿಸಿದರೆ, ಆಫೀಸಿನಲ್ಲಿ ಕೇಳಿ ನಮಗೇ ಅಂಕ ಕೊಡುತ್ತಾರೆ.

ನನ್ನ ಪಾಲಿಗೆ ಬಂದವರಲ್ಲಿ ಒಬ್ಬರು ಮಹಾದೇವಪ್ಪ. ನಲವತ್ತೈದು ವರ್ಷ, ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಕೆಲಸ, ಎಡಗಾಲಿನಲ್ಲಿ ಮಾಯದ ಗಾಯ. ಮೊದಲ ಸಲ ಹೋದಾಗ, ‘ಗುಳಿಗಿ ನುಂಗಿದ್ರ ಏನಾಗ್ತದ್ರೀ ಅಕ್ಕಾರ? ಸಾಯೋದು ಹೆಂಗಿದ್ರೂ ಸಾಯೋದ’ ಎಂದರು. ನಾನು ಕಲಿತದ್ದನ್ನೆಲ್ಲ ಮರೆತು ಗದರಿಸಿಬಿಟ್ಟೆ. ಎರಡನೆಯ ಸಲ ಅದೇ ಮನುಷ್ಯ, ‘ಮಕ್ಕಳ ಮಾರಿ ನೋಡಿ ನಾನೇ ಬದಲಾಗಬೇಕು ಅನಸ್ಲಿಕ್ಕತ್ತೇದ್ರಿ’ ಎಂದರು. ಮೂರನೆಯ ಸಲ ಇನ್ನೂ ಸೊಗಸಾದ ಮಾತು. ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದರು.

ಆಫೀಸಿನಲ್ಲಿ ಹಬ್ಬ. ನಮ್ಮ ಮೇಲ್ವಿಚಾರಕಿ ರಮಿತಾ, ಇಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಹುಡುಗಿ, ‘ಆಂಟಿ, ಏಕ್‌ದಂ ಬೆಸ್ಟ್! ಇದನ್ನೇ ಎಲ್ಲರಿಗೂ ಕೇಳಿಸ್ತೇವೆ’ ಎಂದಳು. ನನಗೆ ಮಾತ್ರ ಅನುಮಾನ. ಉರು ಹೊಡೆದು ಒಪ್ಪಿಸುವ ಮಕ್ಕಳ ದನಿ ನನ್ನ ಕಿವಿಗೆ ಹೊಸದಲ್ಲ. ದಿನಕ್ಕೊಂದರಂತೆ ನುಂಗಲು ಐದು ದಿನದ ಮೊದಲು ಕೊಟ್ಟಿದ್ದ ಹತ್ತು ಮಾತ್ರೆಯ ಹಾಳೆ ಆಗಲೇ ಪೂರ್ತಿ ಖಾಲಿ. ಕಾಲಿನ ಗಾಯಕ್ಕೆ ಕಟ್ಟಿದ ಬಟ್ಟೆ ಮಾತ್ರ ಇನ್ನೂ ಒದ್ದೆ. ಯಾರೋ ಹೇಳಿಕೊಟ್ಟಿದ್ದಾರೆಯೇ? ಸುಳ್ಳು ವರದಿ ಬರೆಯಲು ಆಫೀಸಿನವರು ನನ್ನನ್ನೇ ಬಳಸುತ್ತಿದ್ದಾರೆಯೇ? ರಮಿತಾಳ ಮೇಲೂ ಸಂಶಯಪಟ್ಟೆ.

ಒಂದು ಗುರುವಾರ ಮಧ್ಯಾಹ್ನ ಯಾರಿಗೂ ತಿಳಿಸದೆ, ರೆಕಾರ್ಡ್ ಹಚ್ಚದೆ ಹೋದೆ. ಅವರ ಹೆಂಡತಿ ಸಾಬವ್ವ ಮಾತ್ರ ಇದ್ದಳು. ‘ಅವರು ಮಾತ್ರೆ ನುಂಗುತ್ತಾರಾ?’ ಎಂದು ನೇರ ಕೇಳಿದೆ. ಅವಳು ನಕ್ಕು, ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು.

‘ಇಲ್ರೀ. ನೀವು ಬರೋದ್ರಾಗ ನಾನೇ ಒಡದು ಗಟಾರಕ ಹಾಕ್ತೀನಿ.’

‘ಮತ್ತೆ ನನಗೆ ಹಾಗೆಲ್ಲ ಯಾಕೆ ಹೇಳಿದರು?’

‘ನೀವು ಪಾಸ್ ಆಗಲಿ ಅಂತರೀ. ಎರಡನೇ ಸಲ ಬಂದು ಬಾಗಲದಾಗ ನಿಂತಾಗ ನಿಮ್ಮ ಫೋನಿನ್ಯಾಗ ಯಾವಾಕಿನೋ, ಬದಲಾಗಬೇಕು ಅಂತ ರೋಗಿನೇ ಅನ್ನದಿದ್ರ ನೀವು ಫೇಲ್ ಆಗ್ತೀರಿ, ತೆಗೀತಾರ ಅಂದ್ಳಲ್ರೀ. ವಯಸ್ಸಾದಾಕಿ, ಕಾಲು ಎಳಕೊಂತ ಬರ್ತಾಳ, ಪಾಪ, ನಾವು ಚೆಂದ ಹೇಳೋಣು ಅಂದ್ರು.’

ಕಿವಿ ಮಂದವೆಂದು ನಾನು ಸ್ಪೀಕರ್ ಹಚ್ಚಿಯೇ ಮಾತಾಡುತ್ತೇನೆ. ನಾಚಿಕೆಯಿಂದ ನೆಲ ನೋಡುತ್ತ ಕುಳಿತೆ.

ಅಷ್ಟರಲ್ಲಿ ಮಹಾದೇವಪ್ಪ ಬಂದರು. ಬ್ಯಾಗ್ ತೆರೆದು ಫೋನ್ ಬಂದ್ ಆಗಿರುವುದನ್ನು ತೋರಿಸಿದೆ. ಅವರು ಗಾಯದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡರು, ನಾನು ಏನೂ ಕೇಳಲಿಲ್ಲ. ಆಮೇಲೆ ಅವರೇ ಹೇಳಿದರು: ‘ನಸುಕಿನ್ಯಾಗ ಗುಳಿಗಿ ತಗೊಂಡು ಖಾಲಿ ಹೊಟ್ಟಿಲೆ ಚೀಲ ಹೊತ್ರ ಕಣ್ಣಿಗಿ ಕತ್ತಲಿ ಬರ್ತದ್ರಿ. ಒಮ್ಮಿ ಚೀಲ ಸಮೇತ ಬಿದ್ದೆ. ಮರುದಿನ ಕೂಲಿಗಿ ಹಚ್ಚೋ ಮುಕಾದಮ ನನ್ನ ಹೆಸರೇ ಕರೀಲಿಲ್ಲ.’

ಇಷ್ಟೇ ಕಾರಣ. ಮೂರು ರೆಕಾರ್ಡಿಂಗಿನಲ್ಲಿ ಇದೊಂದು ಮಾತು ಇಲ್ಲ.

ಮರುದಿನ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಬದಲಿಸಿ, ಊಟದ ಜೊತೆ ನುಂಗಲು ಹೇಳಿದರು. ಗಾಯ ಬೆರಳಿಗೆ ಇಳಿದಿತ್ತು. ಒಂದು ಬೆರಳು ತೆಗೆಯಬೇಕಾಯಿತು, ಕಾಲು ಉಳಿಯಿತು. ಈಗ ಕೂತು ಮಾಡುವ ಕೆಲಸ, ಈರುಳ್ಳಿ ಆರಿಸುವುದು.

ಆ ರೆಕಾರ್ಡಿಂಗ್ ಸುಳ್ಳು ಎಂದು ಬರೆದು ಕೊಟ್ಟೆ. ‘ಛೋಡೋ ನಾ ಆಂಟಿ, ನಿಮ್ಮ ಕೆಲಸವೇ ಹೋಗ್ತದೆ’ ಎಂದಳು ರಮಿತಾ. ಚೀಟಿಯನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಆ ತಿಂಗಳ ಕೊನೆಗೆ ನನ್ನನ್ನು ಬರಬೇಡಿ ಎಂದರು. ಬೇಸರವಿಲ್ಲ ಎಂದರೆ ನೀನು ನಂಬುವುದಿಲ್ಲ.

ಮಗುವಿಗೆ ನನ್ನ ಮುತ್ತು. ನಿನ್ನ ಮನೆ ತುಂಬಿದ ಮನೆಯಾಗಿರಲಿ, ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ. ನನ್ನ ಮಗ ಪ್ರಥಮ ಹೇಗಿದ್ದಾನೆ ಎಂದು ನೀನು ಕೇಳಿದ್ದೆ. ಕುಡಿತ ಬಿಟ್ಟ ಎಂದು ದೀಪಾವಳಿಗೆ ಫೋನಿನಲ್ಲಿ ಹೇಳಿದೆನಲ್ಲ, ಅದು ಅವನು ಹೇಳಿದ್ದು, ನಾನು ಕಂಡದ್ದಲ್ಲ. ಭಾನುವಾರ ಇಸ್ತ್ರಿಯ ಅಂಗಿ ಹಾಕಿಕೊಂಡು ಬರುತ್ತಾನೆ. ನಾನು ಕೇಳುವ ಮೊದಲೇ ‘ಎಲ್ಲಾ ಬಂದ್ ಮಾಡಿದ್ದೇನೆ ಅಮ್ಮ’ ಎನ್ನುತ್ತಾನೆ. ನಾನು ತಲೆಯಾಡಿಸಿ ಬಡಿಸುತ್ತೇನೆ. ಘೋಡಬಂದರ್ ರಸ್ತೆಯ ಅವನ ಬಾಡಿಗೆ ಕೋಣೆಗೆ ಇಲ್ಲಿಂದ ಒಂದೇ ಬಸ್ಸು. ಎರಡು ವರ್ಷದಲ್ಲಿ ಒಮ್ಮೆಯೂ ಹೇಳದೆ ಹೋಗಿ ಆ ಬಾಗಿಲು ತಟ್ಟುವ ಧೈರ್ಯ ನನಗೆ ಬಂದಿಲ್ಲ.