ವಿಭೂತಿ ಹಚ್ಚಿದ ಡಿಸ್ಕ್

ಆದೋನಿ,
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ವಾಗೀಶಣ್ಣನಿಗೆ ತಂಗಿ ತ್ರಿವೇಣಿಯ ನಮಸ್ಕಾರ.

ಆರೋಗ್ಯವೇ? ರಾಯಚೂರಿನ ನೀರು ನಿನಗೆ ಒಗ್ಗಿದೆ, ಹೊಟ್ಟೆಯೂ ಬಂದಿದೆ ಎಂದು ಸುಷ್ಮಾ ಅತ್ತಿಗೆ ಅವ್ವನ ಹತ್ತಿರ ಹೇಳಿದಳಂತೆ. ಬರಲಿ. ನಿದ್ದೆ ಬರುತ್ತದೆಯೋ ಇಲ್ಲವೋ, ಅದನ್ನು ಮಾತ್ರ ನಿಜ ಹೇಳು. ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಅಪ್ಪ ಬೆಳಿಗ್ಗೆ ಕಟ್ಟೆಯ ಮೇಲೆ ಕೂತರೆ ಊಟಕ್ಕೆ ಕರೆದಾಗಲೇ ಏಳುವುದು. ಈ ಕಾಲದಲ್ಲಿ ಕಾಗದವೇ ಎಂದು ನಗಬೇಡ. ಮೆಸೇಜ್ ಕಳಿಸಿದರೆ ಅಳಿಸಿಬಿಡುತ್ತೀ, ಅಳಿಸುವುದರಲ್ಲಿ ನಿನ್ನ ಕೈ ಪಳಗಿದೆ.

ಮಿಲ್ಲಿನಲ್ಲಿ ನೀನು ಬಿಟ್ಟುಹೋದ ಕುರ್ಚಿಯಲ್ಲಿ ನಾನು ಕೂತು ಒಂದು ವರ್ಷವಾಯಿತು. ಈಗ ಸರ್ವರ್ ಬದಲಾಗುತ್ತಿದೆ. ಬದಲಾಯಿಸುವ ಮುಂಚೆ ಹಳೆಯ ಬ್ಯಾಕಪ್ಪುಗಳನ್ನೆಲ್ಲ ಬೇರೆ ಯಂತ್ರಕ್ಕೆ ಹಾಕಿ ತೆರೆದು ನೋಡಬೇಕು, ಅದು ನಿಯಮ. ನಿನ್ನ ಕಾಲದ್ದನ್ನು ಮೊದಲು ತೆರೆದೆ. ದಿನವೂ 'ಬ್ಯಾಕಪ್ ಯಶಸ್ವಿ' ಎಂದು ಬಂದಿದೆ, ಒಳಗೆ ಏನೂ ಇಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ನೀನು ಅದನ್ನು ತೆರೆದು ನೋಡಲಿಲ್ಲವಲ್ಲ ಅಣ್ಣಾ.

ಆಮೇಲೆ ಅಪ್ಪನ ಡಿಸ್ಕ್ ತಂದೆ. ನೆನಪಿದೆಯೇ? ಅಮಾವಾಸ್ಯೆಯ ದಿನ ಯಂತ್ರ ನಿಲ್ಲಿಸಿ ಪೂಜೆ ಮಾಡುವಾಗ ಅಪ್ಪ ಹತ್ತಿ ಪರೀಕ್ಷೆಯ ದಾಖಲೆಗಳನ್ನೆಲ್ಲ ಅದಕ್ಕೆ ಇಳಿಸಿ, ಮೂರು ಬೆರಳಿನ ವಿಭೂತಿ ಎಳೆದು, ಮನೆಯ ದೇವರ ಜಗುಲಿಯ ಮೇಲೆ ಲಿಂಗದ ಪಕ್ಕ ಇಡುತ್ತಿದ್ದ. ಎರಡು ವರ್ಷದ ಹಿಂದೆ ದಾಖಲೆಗಳು ಹೋದಾಗ ಮಿಲ್ಲೆಲ್ಲ ಅಪ್ಪನ ಕಡೆ ಬೆರಳು ತೋರಿಸಿ 'ಸಿದ್ದಬಸಪ್ಪ ಏನೋ ಒತ್ಯಾನ' ಅಂದಿತು. ಅಳಿಸಿದ್ದು ಅಪ್ಪನ ಲಾಗಿನ್ ಹೆಸರಿನಲ್ಲೇ ಎಂದು ತೋರಿಸಿದವನು ನೀನು. ಅಪ್ಪ ಆ ಡಿಸ್ಕ್ ಹಿಡಿದುಕೊಂಡು ಬಂದರೆ, ಯಜಮಾನ ರೇವಣಸಿದ್ದಯ್ಯನವರ ಮುಂದೆ ನೀನು ಅಂದ ಮಾತು ನನಗೆ ಬಾಯಿಪಾಠ: 'ವಿಭೂತಿ ಹಚ್ಚಿ ಕೆಡಿಸ್ಯಾನ್ರೀ, ಇದು ಓಪನ್ ಆಗಂಗಿಲ್ಲ.' ಎಲ್ಲರೂ ನಕ್ಕರು. ಇಪ್ಪತ್ತೆಂಟು ವರ್ಷ ದುಡಿದವನು ಅವತ್ತೇ ಮಿಲ್ಲು ಬಿಟ್ಟ, ಆಮೇಲೆ ಆ ದಾರಿಯಲ್ಲಿ ನಡೆದಿಲ್ಲ.

ಮೊನ್ನೆ ಅದು ಒಂದೇ ಸಲಕ್ಕೆ ತೆರೆಯಿತು. ದಾಖಲೆಗಳೆಲ್ಲ ಇವೆ. ಕೊನೆಯ ಅಮಾವಾಸ್ಯೆಯ ಪ್ರತಿ ಅಳಿಸಿದ ಮೇಲಿನದು, ಅಳಿಸಿದ್ದು ಯಾರಿಗೂ ಗೊತ್ತಾಗುವ ಮುಂಚಿನದು; ಅದರಲ್ಲಿ ಇನ್ನೂ ಒಂದು ಇದೆ: ಯಾವ ಕಂಪ್ಯೂಟರಿನಿಂದ ಯಾರು ಏನು ಅಳಿಸಿದರು ಎಂಬ ಪಟ್ಟಿ. ಹೆಸರು ಅಪ್ಪನದು, ಕಂಪ್ಯೂಟರ್ ಮಿಲ್ಲಿನ ಮಾಳಿಗೆಯ ಮೇಲಿನ ನಿನ್ನ ಕೋಣೆಯದು. ಮಂಡಿ ನೋವಿನ ಅಪ್ಪ ಆ ಮೆಟ್ಟಿಲನ್ನು ಯಾವತ್ತು ಹತ್ತಿದ್ದ? ಸರ್ವರಿನಲ್ಲಿ ಜಾಗ ಖಾಲಿ ಮಾಡಲು ಹೋಗಿ ತಪ್ಪಿ ಅಳಿಸಿದೆ ಅಂದಿದ್ದರೆ ನಾಲ್ಕು ಬೈಗುಳ ತಿಂದು ಮುಗಿಯುತ್ತಿತ್ತು. ನೀನು ಅಪ್ಪನನ್ನು ಬಲಿ ಕೊಟ್ಟು, ಅದೇ ಯಜಮಾನರ ಶಿಫಾರಸಿನಲ್ಲಿ ರಾಯಚೂರಿನ ಮಿಲ್ಲು ಸೇರಿದೆ.

ನಿನ್ನನ್ನು ಕರೆಸಿ ನಿನ್ನ ಬಾಯಿಂದಲೇ ಹೇಳಿಸೋಣ ಎಂದು ಅವ್ವ ಅತ್ತಳು. ಒಂದು ದಿನ ಯೋಚಿಸಿದೆ. ನೀನು ಅಪ್ಪನಿಗೆ ಒಂದು ನಿಮಿಷವೂ ಕೊಡಲಿಲ್ಲ. ನನಗೆ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಪಾಪ, ಆಕೆಗೆ ಏನೂ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ತ್ರಿವೇಣಿ

ತಾ.ಕ.: ಬ್ಯಾಕಪ್ ಪರೀಕ್ಷೆಯ ವರದಿಯನ್ನು ನಿನ್ನೆಯೇ ಯಜಮಾನರಿಗೆ ಕೊಟ್ಟೆ, ನಿನ್ನ ರಾಯಚೂರಿನ ಮಿಲ್ಲಿಗೂ ಒಂದು ಪ್ರತಿ ಹೊರಟಿದೆ. ಗುರುವಾರ ಅಮಾವಾಸ್ಯೆ, ಹೊಸ ಸರ್ವರ್ ಮುಂದೆ ಕಾಯಿ ಒಡೆಯುವುದು ಅಪ್ಪ. ಕರೆದೊಯ್ಯಲು ಯಜಮಾನರೇ ಬರುತ್ತಾರೆ. ಹೊಸ ಸಿಸ್ಟಮ್ಮಿನಲ್ಲಿ ಅಪ್ಪನ ಪಾಸ್‌ವರ್ಡ್ ಕೇಳಿದಾಗ 'ಹಳೇದ ಇರ್ಲಿ ಬಿಡವ್ವಾ' ಅಂದ. ಹಳೆಯದು ನಿನ್ನ ಹೆಸರು. ನಾನು ತೆಗೆದುಹಾಕಿದೆ.