ಬ್ರಾಂಚಿನ ಮಾಡಿನ ಹನ್ನೆರಡು ಹಂಚು

ಇಸವಿ ಎರಡು ಸಾವಿರದ ಇನ್ನೂರ ಹದಿನೆಂಟು, ಆಟಿ ತಿಂಗಳ ಐವತ್ತೆರಡನೇ ದಿನ, ಗುರುವಾರ.

ಹಿಂದಿನವರಿಗೆ ಕೆಳಪೇಟೆಯ ಜಲಜಾಕ್ಷಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಅಂತ ನೀವು ತಿಳಿಯಬಹುದು. ಲೆಕ್ಕ ಸರಿಯಾಗಿಯೇ ಉಂಟು. ಆಟಿ ಅಂದರೆ ಜೋರು ಮಳೆಯ ತಿಂಗಳು. ಈಗ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ, ಮಳೆ ಬಿಡದೆ ಆಟಿ ಮುಗಿಯಿತು ಅಂತ ಹೇಳಲು ಯಾರಿಗೂ ಮನಸ್ಸು ಬರಲಿಲ್ಲ, ಹಾಗಾಗಿ ಬಿಡುವ ತನಕ ಅದನ್ನೇ ಎಣಿಸಿಕೊಂಡು ಹೋಗುವುದು. ಹೋದ ವರ್ಷ ಎಪ್ಪತ್ತೊಂದು ದಿನದ ಆಟಿ. ನನ್ನ ಮಾತಿನಲ್ಲಿ ನಿಮಗೆ ಅರ್ಥವಾಗದ್ದು ಬಂದರೆ ಕ್ಷಮಿಸಬೇಕು. ನಾನು ನಾಲ್ಕನೇ ಕ್ಲಾಸಿನ ಅರ್ಧದ ತನಕ ಹೋದವಳು. ಆ ವರ್ಷ ಶಾಲೆಯ ಕೆಳಗಿನ ಅಂತಸ್ತಿಗೆ ನೀರು ಬಂತು, ಮೇಲಿನ ಅಂತಸ್ತಿನಲ್ಲಿ ದೊಡ್ಡ ಮಕ್ಕಳಿಗೆ ಮಾತ್ರ ಜಾಗ ಇತ್ತು. ಈ ಕಾಗದವನ್ನು ಮೂರು ಸಲ ಬರೆದೆ, ಎರಡು ಸಲ ಹರಿದೆ. ನಮ್ಮಲ್ಲಿ ಹಿಂದಂಚೆ ಅಂತ ಒಂದು ಉಂಟು, ಕಳೆದ ಕಾಲಕ್ಕೆ ಕಾಗದ ಕಳಿಸುವ ಅಂಚೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ಅಜ್ಜಿಗೆ ಬರೆಯುತ್ತಾರೆ. ಮುಟ್ಟುತ್ತದಾ ಅಂತ ಕೌಂಟರಿನವನ ಹತ್ತಿರ ಕೇಳಿದೆ. "ಮುಟ್ಲಿಲ್ಲ ಅಂತ ಇಷ್ಟರ ತನಕ ಯಾರೂ ಬಂದು ಜಗಳ ಮಾಡ್ಲಿಲ್ಲ ಅಕ್ಕ" ಅಂದ. ಅದರಲ್ಲಿ ಧೈರ್ಯ ತಗೊಳ್ಳುವುದಾ ಬೇಡವಾ ಗೊತ್ತಾಗಲಿಲ್ಲ. ಮುಂಗಡ ದುಡ್ಡು ಕಟ್ಟಿ, ರಸೀದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ. ಉಂಟಾ ಅಂತ ಆಗಿನಿಂದ ಮುಟ್ಟಿ ನೋಡುತ್ತಾ ಇದ್ದೇನೆ.

ನಾನಿರುವುದು ನೀವು ಮಂಗಳೂರು ಅಂತ ಕರೆಯುವ ಊರಿನಲ್ಲಿಯೇ. ಸಮುದ್ರ ವರ್ಷವರ್ಷ ಸ್ವಲ್ಪ ಸ್ವಲ್ಪ ಮೇಲೆ ಬರುತ್ತಾ ಉಂಟು. ಅದರಲ್ಲಿ ಗಡಿಬಿಡಿ ಏನಿಲ್ಲ. ಎಲ್ಲಿಯ ತನಕ ಬರುತ್ತದೆ ಅಂತ ಗೋಡೆಗಳ ಮೇಲೆ ನೀಲಿ ಗೆರೆ ಎಳೆದಿದ್ದಾರೆ, ಕೆಳಪೇಟೆಯವರು ಬಟ್ಟೆ ಒಣಗಿಸುವ ಹಗ್ಗ ಕಟ್ಟುವಾಗಲೂ ಆ ಗೆರೆ ನೋಡಿಕೊಂಡೇ ಕಟ್ಟುವುದು. ಊರನ್ನು ಗುಡ್ಡೆಯ ಮೇಲೆ ಸಾಗಿಸುವ ಕೆಲಸ ಮೂವತ್ತು ವರ್ಷದಿಂದ ನಡೆಯುತ್ತಾ ಇದೆ. ಎಲ್ಲವನ್ನೂ ಒಯ್ಯಲು ಆಗುವುದಿಲ್ಲ. ಯಾವುದನ್ನು ಕಲ್ಲು ಕಲ್ಲು ಬಿಡಿಸಿ ಮೇಲೆ ಕೊಂಡುಹೋಗಿ ಮತ್ತೆ ಕಟ್ಟಬೇಕು ಅಂತ ತೀರ್ಮಾನ ಮಾಡಲು ಉಳಿಕೆ ಕಚೇರಿ ಅಂತ ಒಂದು ಉಂಟು, ಅವರ ಪುಸ್ತಕಕ್ಕೆ ಉಳಿಕೆಪಟ್ಟಿ ಅಂತ ಹೆಸರು. ದೇವಸ್ಥಾನ, ಇಗರ್ಜಿ, ಮಸೀದಿ, ದೊಡ್ಡ ಕಾಲೇಜು ಇವುಗಳಿಗೆ ಕಲ್ಲಿನಲ್ಲಿ ಬರಹ ಇರುತ್ತದೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಚಿಕ್ಕ ಕಟ್ಟಡಗಳದ್ದು ಹಾಗಲ್ಲ. ಅವುಗಳ ಕಾಗದಪತ್ರ ಇಟ್ಟ ಕೋಣೆಯೇ ಮೊದಲು ಮುಳುಗಿದ್ದು. ಹಾಗಾಗಿ ಹಂಚು ನೋಡುವ ಕ್ರಮ ಬಂತು. ಹಂಚಿನ ಹೊಟ್ಟೆಯಲ್ಲಿ ಕಾರ್ಖಾನೆಯ ಹೆಸರು, ಇಸವಿ ಒತ್ತಿರುತ್ತದಲ್ಲ, ಅದು. ಮಾಡಿನ, ಅಂದರೆ ಛಾವಣಿಯ, ಎರಡು ಇಳಿಜಾರಿನಿಂದ ಆರಾರು ಹಂಚು ಇಳಿಸುವುದು. ಹನ್ನೆರಡರಲ್ಲಿ ಏಳು ಹಂಚು ಇನ್ನೂರು ವರ್ಷಕ್ಕಿಂತ ಹಿಂದಿನದ್ದಾದರೆ ಕಟ್ಟಡ ಪಟ್ಟಿಗೆ ಸೇರಿತು. ಸೇರಿದ ಕಟ್ಟಡದ ಜೊತೆ ಅದರ ಅಂಟಿದವರೂ ಹೋಗುತ್ತಾರೆ. ಅಂಟಿದವರು ಅಂದರೆ ಅಲ್ಲಿ ಕೆಲಸ ಮಾಡಿಕೊಂಡು ಬಂದವರು. ಗುಡ್ಡೆಯಲ್ಲಿ ಆ ಕಟ್ಟಡದ ಸುತ್ತವೇ ಅವರಿಗೆ ಮನೆಜಾಗ. ಪಟ್ಟಿಗೆ ಸೇರದಿದ್ದವರಿಗೂ ಜಾಗ ಕೊಡುತ್ತಾರೆ, ಕೊಡುವುದಿಲ್ಲ ಅಂತಲ್ಲ, ಆದರೆ ಚೀಟಿ ಎತ್ತಿ. ಒಬ್ಬಳು ಇಲ್ಲಿ, ಇನ್ನೊಬ್ಬಳು ಎರಡು ಗುಡ್ಡೆ ಆಚೆ.

ನಾನು ಬರೆಯುತ್ತಾ ಇರುವುದು ಕೆಳಪೇಟೆಯ ಬೀಡಿ ಬ್ರಾಂಚಿನ ವಿಷಯ. ಬ್ರಾಂಚು ಅಂದರೆ ಎಂತ ಅಂತ ನಿಮಗೆ ಹೇಳುವ ಅಗತ್ಯ ಇಲ್ಲ. ನಿಮ್ಮ ಕಾಲದಲ್ಲಿ ಹೆಂಗಸರು ಮನೆಯಲ್ಲಿ ಬೀಡಿ ಕಟ್ಟಿ ಅಲ್ಲಿಗೆ ತಂದು ಕೊಡುತ್ತಿದ್ದರಂತೆ. ಬೀಡಿ ಈಗಿಲ್ಲ, ಹೆಸರು ಉಂಟು. ಈಗ ಅಲ್ಲಿ ನಲವತ್ತೊಂದು ಹೆಂಗಸರು ಕೂತು ಸೊಳ್ಳೆಸುರುಳಿ ಕಟ್ಟುತ್ತಾರೆ. ಒಣಗಿದ ಎಲೆಯಲ್ಲಿ ಮದ್ದಿನ ಪುಡಿ ಸುತ್ತಿ ನೂಲು ಕಟ್ಟುವುದು, ಸಂಜೆ ಹೊತ್ತಿಸಿದರೆ ಸೊಳ್ಳೆ ಬರುವುದಿಲ್ಲ. ನಮ್ಮಲ್ಲಿ ಅದಿಲ್ಲದೆ ಮಕ್ಕಳು ಉಳಿಯುವುದಿಲ್ಲ. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿ, ಗೋಡೆಗೆ ಬೆನ್ನು. ಬೆನ್ನು ತಾಗಿ ತಾಗಿ ಗೋಡೆಯಲ್ಲಿ ಸಾಲಾಗಿ ಎಣ್ಣೆಯ ಗುರುತು ಬಿದ್ದಿದೆ, ಯಾರದ್ದು ಯಾವುದು ಅಂತ ಅವರಿಗೆ ಗೊತ್ತು. ನನ್ನ ಅಮ್ಮನದ್ದೂ ಒಂದು ಉಂಟು, ಅಲ್ಲಿ ಈಗ ಬೇರೆಯವಳು ಕೂರುತ್ತಾಳೆ. ಎಲ್ಲರಿಗೂ ಹಿರಿಯವರು ಗುಲಾಬಿಯಕ್ಕ. ಅಮ್ಮ ಹೋದ ಮೇಲೆ ನನಗೆ ಮಧ್ಯಾಹ್ನದ ಗಂಜಿ ಬಡಿಸಿದವರು ಅವರೇ, ಈಗಲೂ. "ಈ ಜಲಜ ಮಾಡಿನ ಮೇಲೆ ಬೆಕ್ಕಿನ ಹಾಗೆ ಓಡ್ತಾಳೆ, ನೆಲಕ್ಕೆ ಇಳಿದ ಕೂಡ್ಲೇ ಕಾಲು ನಡುಗ್ತದೆ" ಅಂತ ತಮಾಷೆ ಮಾಡುತ್ತಾರೆ. ಅದು ಸತ್ಯ. ನನಗೆ ಎಲ್ಲದಕ್ಕೂ ಹೆದರಿಕೆ. ಬೀಗ ಹಾಕಿದ್ದೇನಾ ಅಂತ ಅರ್ಧ ದಾರಿಯಿಂದ ವಾಪಸ್ ಬರುವವಳು ನಾನು.

ನನ್ನ ಕೆಲಸ ಹಂಚು. ಮಳೆಗೆ ಮೊದಲು ಮಾಡು ಹತ್ತಿ ಒಡೆದದ್ದು ತೆಗೆದು, ಜಾರಿದ್ದನ್ನು ಕೂರಿಸಿ, ಪಾಚಿ ಕೆರೆಯುವುದು. ಕಲಿಸಿದವರು ಇದಿನಬ್ಬಾಕ, ಅವರು ತೀರಿಹೋಗಿ ಎಂಟು ವರ್ಷ ಆಯಿತು. ಹಳೆಯ ಹಂಚನ್ನು ಬೆರಳಲ್ಲಿ ತಟ್ಟಿದರೆ ಕಂಚಿನ ಹಾಗೆ ಕೇಳುತ್ತದೆ, ಹೊಸದು ಬೊದ್ ಅನ್ನುತ್ತದೆ. ಕಂಚಿನ ಸ್ವರದ ಹಂಚನ್ನು ಗಾಳಿಮಳೆ ನೇರ ಹೊಡೆಯುವ ಕಡೆಗೆ ಹಾಕಬೇಕು, ಬೊದ್ದನ್ನು ಮರೆಯಲ್ಲಿ ಇರುವ ಕಡೆಗೆ. ಈ ಮನೆಯದ್ದು ಆ ಮನೆಗೆ ಹೋಯಿತು ಅಂತ ನಮ್ಮ ಕೆಲಸದಲ್ಲಿ ಯಾರೂ ನೋಡುವುದಿಲ್ಲ. ಸೋರಬಾರದು, ಅಷ್ಟೇ.

ಹದಿನೇಳು ವರ್ಷದ ಹಿಂದಿನ ಮಾತು. ಬ್ರಾಂಚಿನ ಎದುರಿಗೆ, ಸಮುದ್ರದ ಬದಿಗೆ, ಊರಿನವರ ಕಕ್ಕುಸು ಒಂದಿತ್ತು. ಹಳೆಯದ್ದೇನಲ್ಲ, ಇದಿನಬ್ಬಾಕನ ಅಪ್ಪನ ಕಾಲದಲ್ಲಿ ಕಟ್ಟಿದ್ದು. ಒಂದು ಗಾಳಿಗೆ ಅದರ ಹಂಚೆಲ್ಲ ಹಾರಿತು. ಹೊಸ ಹಂಚು ಹಾಕಿದೆವು, ಎರಡೇ ತಿಂಗಳಲ್ಲಿ ಅದೂ ಸೋರಿತು. ಬ್ರಾಂಚಿನ ಹೆಂಗಸರಿಗೆ ಇದ್ದದ್ದು ಅದೊಂದೇ. ಗುಲಾಬಿಯಕ್ಕ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು, "ಇದಿನಬ್ಬಾಕ, ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಕೊಡೆ. ಸೀರೆ ಎತ್ತುವುದು ಯಾರು, ನೀವು ಬರ್ತೀರಾ?" ಇದಿನಬ್ಬಾಕ "ತೌಬಾ ತೌಬಾ" ಅಂತ ಕೆನ್ನೆ ಮುಟ್ಟಿಕೊಂಡರು, ಒಳಗೆ ಕೂತಿದ್ದವರೆಲ್ಲ ನಕ್ಕರು. ಬ್ರಾಂಚು ಕಕ್ಕುಸಿನ ಮರೆಯಲ್ಲಿತ್ತು, ಅದಕ್ಕೆ ಗಾಳಿ ಕಡಿಮೆ. ಅದರ ಮಾಡಿನಲ್ಲಿ ಒಳ್ಳೆ ಹಂಚು ಇತ್ತು, ಎಲ್ಲದರ ಹೊಟ್ಟೆಯಲ್ಲಿ ಸಾವಿರದ ಒಂಬೈನೂರ ಮೂವತ್ತೊಂದು ಅಂತ. ನಾವಿಬ್ಬರು ಎರಡು ದಿನದಲ್ಲಿ ಅದನ್ನು ಇಳಿಸಿ ಕಕ್ಕುಸಿಗೆ ಹಾಕಿದೆವು, ಕಕ್ಕುಸಿನದ್ದನ್ನು ಬ್ರಾಂಚಿಗೆ. ಮಿಕ್ಕಿದ ಹಳೆಯದ್ದು ಸೋರುವ ಬೇರೆ ಮಾಡುಗಳಿಗೆ ಹೋಯಿತು, ಬ್ರಾಂಚಿನ ಉಳಿದ ಜಾಗಕ್ಕೆ ಇನ್ನಷ್ಟು ಹೊಸದು ತಂದೆವು. ಎರಡೂ ಸೋರಲಿಲ್ಲ. ಗುಲಾಬಿಯಕ್ಕ ನಮಗೆ ಅವಲಕ್ಕಿ ಕೊಟ್ಟರು.

ಹಂಚು ನೋಡುವ ಕ್ರಮ ಬಂದದ್ದು ಅದರ ನಂತರ, ಆರು ವರ್ಷದ ಹಿಂದೆ. ನಾಲ್ಕು ವರ್ಷದ ಹಿಂದೆ ಕಕ್ಕುಸಿನ ಪರೀಕ್ಷೆ ಆಯಿತು. ಹಂಚು ಇಳಿಸಿಕೊಟ್ಟವಳು ನಾನೇ. ಹನ್ನೆರಡಕ್ಕೆ ಹನ್ನೆರಡೂ ಮೂವತ್ತೊಂದು. ಕಚೇರಿಯ ಸೆವ್ರಿನಾ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು, ಅವರಿಗೆ ಸಂತೋಷವಾಗಿತ್ತು. ಆಗಲೇ ಹೇಳಬೇಕಿತ್ತು. ಯಾವುದಕ್ಕೂ ಕೇಳದೆ ಬಾಯಿ ಹಾಕಬಾರದು ಅಂತ ನನ್ನ ಅಭ್ಯಾಸ, ಮತ್ತೆ ಕಕ್ಕುಸು ಉಳಿದರೆ ಯಾರಿಗೆ ಎಂತ ನಷ್ಟ ಅಂತ ಅಂದುಕೊಂಡೆ. ಅದನ್ನು ಕಲ್ಲು ಕಲ್ಲು ಬಿಡಿಸಿ ಗುಡ್ಡೆಗೆ ಒಯ್ದು ಕಟ್ಟಿದರು. ಎದುರಿಗೆ ಕಲ್ಲಿನ ಫಲಕ ಉಂಟು, ಸುತ್ತ ಸರಪಳಿ ಉಂಟು, ಒಳಗೆ ಹೋಗಲು ಬಿಡುವುದಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ಕರಕೊಂಡು ಬಂದು ತೋರಿಸುತ್ತಾರೆ. ಅಂಟಿದವರು ಅಂತ ಬರೆದದ್ದು ಅದನ್ನು ತೊಳೆಯುತ್ತಿದ್ದ ದೂಮಪ್ಪಣ್ಣ ಒಬ್ಬರ ಹೆಸರು. ಅವರಿಗೆ ಪಕ್ಕದಲ್ಲೇ ಮನೆಜಾಗ ಸಿಕ್ಕಿತು. "ಮೊದಲು ನನ್ನನ್ನು ಕಂಡ್ರೆ ಜನ ಮೂಗು ಮುಚ್ತಿದ್ರು, ಈಗ ಫೋಟೋ ತೆಗೀತಾರೆ" ಅಂತ ಹೇಳುತ್ತಾರೆ.

ಈ ಆಟಿಯ ಇಪ್ಪತ್ತನೇ ದಿನ ಬ್ರಾಂಚಿನ ಸರದಿ ಬಂತು. ನಾನು ಮಾಡಿನ ಮೇಲೆ ಇಡೀ ಹುಡುಕಿದೆ. ಹಳೆಯ ಹಂಚು ಮೂರು ಸಿಕ್ಕಿತು, ಮೂರನ್ನೂ ಇಳಿಸಿದೆ. ಉಳಿದ ಒಂಬತ್ತು ಹೊಸದು. ಹೆಂಗಸರು ಮೊರ ಕೆಳಗಿಟ್ಟು ನಿಂತಿದ್ದರು. ಸೆವ್ರಿನಾ ಮೇಡಂ ಒಂದೊಂದನ್ನೇ ಮಗುಚಿ ಇಸವಿ ಓದಿದರು, ಓದುತ್ತಾ ಹೋದ ಹಾಗೆ ಸ್ವರ ಸಣ್ಣದಾಯಿತು. ಕೊನೆಗೆ ಗುಲಾಬಿಯಕ್ಕ ಕೇಳಿದರು, "ಎಲ್ಲಿ ಸಹಿ ಹಾಕ್ಬೇಕು?" ಆ ಮಧ್ಯಾಹ್ನವೂ ಗಂಜಿ ಬಡಿಸಿದರು, ನಾನು ಉಂಡೆ. ರುಚಿ ಗೊತ್ತಾಗಲಿಲ್ಲ, ಬೇಸರವೂ ಗೊತ್ತಾಗಲಿಲ್ಲ.

ಮರುದಿನ ಕಚೇರಿಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು ಒಂದು ಕಟ್ಟು ಕಾಗದ ತಂದು ಎದುರಿಗಿಟ್ಟರು. ಕ್ರಮ ಬಂದಲ್ಲಿಂದ ಪ್ರತೀ ಮಳೆಗೆ ಮೊದಲು ಹಂಚಿನವರು ಸಹಿ ಹಾಕುವ ಹಾಳೆಗಳು, ಮೂಲದ ಹಂಚನ್ನು ಬೇರೆ ಕಡೆಗೆ ಒಯ್ಯಲಿಲ್ಲ ಅಂತ. ಎಲ್ಲದರಲ್ಲೂ ನನ್ನ ಸಹಿ. ಮಳೆ ಬರುವ ಗಡಿಬಿಡಿಯಲ್ಲಿ ಓದಿದವಳಲ್ಲ ನಾನು. ನನ್ನನ್ನು ಬೈಯುತ್ತಾರೆ, ಕೆಲಸದ ಚೀಟಿ ಕಿತ್ತುಕೊಳ್ಳುತ್ತಾರೆ ಅಂತ ಕಾದೆ. ಅವರು ಕೇಳಿದ್ದು ಬೇರೆ. "ಜಲಜಾಕ್ಷಿಯವರೇ, ಹೀಗೆ ಎಷ್ಟು ಮಾಡಿನಲ್ಲಿ ಮಾಡಿದ್ದೀರಿ?" ಅಂದರು. ಎಲ್ಲದರಲ್ಲೂ ಅಂದೆ. "ಉಳಿದ ಹಂಚಿನವರು?" ಅವರೂ ಅಷ್ಟೇ ಅಂದೆ, ಕೆಲಸವೇ ಅದಲ್ಲವಾ ಮೇಡಂ. ಅವರು ಪೆನ್ನು ಕೆಳಗಿಟ್ಟರು. ಚಿಕ್ಕ ಕಟ್ಟಡ ಇನ್ನೂರ ಹನ್ನೆರಡು ಪಟ್ಟಿಯಲ್ಲಿ ಸೇರಿವೆ, ಆರು ವರ್ಷದ ಕೆಲಸ. ಆ ಪಟ್ಟಿ ಅಂದರೆ ಊರಲ್ಲಿ ಎಲ್ಲೆಲ್ಲಿ ಸೋರುತ್ತಿತ್ತು ಅಂತ ಬರೆದಿಟ್ಟ ಹಾಗೆ. ಆ ಹಾಳೆಗಳನ್ನು ಮತ್ತೆ ಕಟ್ಟುತ್ತಾ ಹೇಳಿದರು, "ನೀವು ಹೇಳಿದ್ದನ್ನು ನಾನು ಬರೆದುಕೊಂಡ್ರೆ ಮೇಲೆ ಹೋದವರನ್ನೆಲ್ಲ ಕೆಳಗಿಳಿಸ್ಬೇಕು. ನಾನು ಬರೆದುಕೊಳ್ಳುವುದಿಲ್ಲ." ಬ್ರಾಂಚಿಗೆ ಬೇರೆ ಸಾಕ್ಷಿ ಇದ್ದರೆ ತನ್ನಿ ಅಂದರು. ಬಾಯಿಮಾತು ಆಗುವುದಿಲ್ಲ, ಕಟ್ಟಡದಲ್ಲೇ ಕೆತ್ತಿದ ಇಸವಿ ಆಗಬೇಕು, ಕಟ್ಟಿದ ಕಾಲದ್ದು. ಆಟಿಯ ಐವತ್ತನಾಲ್ಕನೇ ದಿನದ ತನಕ, ಅಂದರೆ ಈ ಶನಿವಾರದ ತನಕ, ಕಡತ ಮುಚ್ಚುವುದಿಲ್ಲ ಅಂದರು. ಅದು ಅವರು ನನಗೆ ಮಾಡಿದ ಉಪಕಾರ.

ಗುಲಾಬಿಯಕ್ಕನಿಗೂ ಹೇಳಿದೆ. ಅವರು ಕಟ್ಟುತ್ತಿದ್ದ ಸುರುಳಿ ಮುಗಿಸಿ, ನೂಲು ಕತ್ತರಿಸಿ, ನನ್ನನ್ನು ನೋಡದೆ ಹೇಳಿದರು, "ಇದನ್ನು ಈಗ ಯಾಕೆ ಹೇಳಿದಿ ಮಾರಾಯ್ತಿ? ಹೇಳದಿದ್ರೆ ಕಚೇರಿಯವರ ಮೇಲೆ ಸಿಟ್ಟು ಮಾಡಿಕೊಂಡಾದ್ರೂ ಇರ್ಬಹುದಿತ್ತು."

ಅಲ್ಲಿಂದ ಹುಡುಕುತ್ತಾ ಇದ್ದೇನೆ. ಬಾಗಿಲಿನ ದಾರಂದ, ಕಿಟಕಿಯ ಸರಳು, ಮೆಟ್ಟಿಲ ಕಲ್ಲು, ತೊಲೆ, ಎಲ್ಲ ನೋಡಿದೆ. ಸುಣ್ಣ ಕೆರೆದು ನೋಡಿದೆ. ದೇವಸ್ಥಾನ ಕಟ್ಟಿದವರು ಬರೆಸಿದರು, ಬಂಗಲೆ ಕಟ್ಟಿದವರು ಬರೆಸಿದರು, ಬೀಡಿ ತಗೊಳ್ಳುವ ಕೋಣೆಗೆ ಇಸವಿ ಕೆತ್ತಬೇಕು ಅಂತ ಯಾರಿಗೂ ಕಾಣಲಿಲ್ಲ. ನೀನೇ ಕೆತ್ತು ಅಂತ ಒಬ್ಬಿಬ್ಬರು ಹೇಳಿದರು. ಮೊಳೆ ಹಿಡಕೊಂಡು ಹತ್ತಿಯೂ ಆಯಿತು. ಹಳೆ ಮರದಲ್ಲಿ ಹೊಸ ಗೀರು ಬೆಳ್ಳಗೆ ಕಾಣುತ್ತದೆ, ಎಣ್ಣೆ ಮಸಿ ಹಚ್ಚಿದರೂ ಅವರಿಗೆ ಗೊತ್ತಾಗುತ್ತದೆ. ಕೈ ಬರಲಿಲ್ಲ, ಇಳಿದೆ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು. ನಿಮ್ಮ ಊರಿನ ಚಿಕ್ಕ ಕಟ್ಟಡಗಳಲ್ಲಿ, ರೇಶನ್ ಅಂಗಡಿ, ಹಾಲಿನ ಡೈರಿ, ಬಸ್ಸು ಕಾಯುವ ಕಟ್ಟೆ, ಯಾವುದಾದರೂ ಆಗಲಿ, ಒಂದು ಇಸವಿ ಕೆತ್ತಿಡಿ. ಹಂಚಿನಲ್ಲಿ ಬೇಡ, ಹಂಚು ಇದ್ದಲ್ಲಿ ಇರುವುದಿಲ್ಲ. ಪೇಂಟಿನಲ್ಲಿ ಬೇಡ. ಮರದಲ್ಲಿ ಅಥವಾ ಕಲ್ಲಿನಲ್ಲಿ, ಮೊಳೆಯಲ್ಲಿ ಆದರೂ ಆದೀತು, ಚಂದ ಬೇಡ. ಯಾವಾಗ ಕಟ್ಟಿದ್ದು ಅಂತ ನೆನಪಿರುವ ಮುದುಕರು ಯಾರಾದರೂ ಇದ್ದರೆ ಕೇಳಿ, ಅವರು ಇರುವಾಗಲೇ ಕೇಳಿ. ಅಲ್ಲಿ ಕೂತು ಕೆಲಸ ಮಾಡುವವರ ಹೆಸರೂ ಹಾಕಿದರೆ ಒಳ್ಳೆಯದು. ಮರ್ಯಾದೆಗೆ ಕಡಿಮೆ ಅಂತ ಕಂಡರೆ ಯಾರೂ ಇಲ್ಲದಾಗ ಕೆತ್ತಿ.

ನೀವು ಈ ಬ್ರಾಂಚಿಗೇ ಬರುವವರಾದರೆ, ಸಮುದ್ರದ ಬದಿಯ ಗೋಡೆಯ ಮೇಲೆ ಹಂಚು ಹೊರುವ ಪಕ್ಕಾಸುಗಳು ಕೂರುವ ಉದ್ದ ಮರ ಒಂದುಂಟು, ಸ್ಟೂಲು ಇಟ್ಟು ಹತ್ತಿದರೆ ಕೈಗೆ ಸಿಗುತ್ತದೆ. ಬಾಗಿಲ ಕಡೆಯಿಂದ ಎಣಿಸಿ ಮೂರನೇ ಪಕ್ಕಾಸಿನ ಬುಡದಲ್ಲಿ ಒಂದು ಗೇಣು ಜಾಗ ಖಾಲಿ ಇದೆ, ಅಲ್ಲಿ ಕೆತ್ತಿ. ಗಂಟಿಲ್ಲ, ಹುಳ ಹಿಡಿದಿಲ್ಲ. ಇವತ್ತು ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ, ಏನೂ ಇರಲಿಲ್ಲ. ಈ ಕಾಗದವನ್ನು ರಾತ್ರಿಯೇ ಹಿಂದಂಚೆಯ ಡಬ್ಬಿಗೆ ಹಾಕುತ್ತೇನೆ. ನಾಳೆ ಶುಕ್ರವಾರ. ಬೆಳಿಗ್ಗೆ ಹೋಗಿ ಮೊದಲು ಅಲ್ಲಿಯೇ ನೋಡುತ್ತೇನೆ.